ಬಿಳಿಸೆರಗು: ಸಹಜ ಯಾವುದು, ರೋಗ ಯಾವುದು?

ಕಪ್ಪು ಒಳಉಡುಪಿನ ನಡುಭಾಗ ನಾಲ್ಕಾರು ತಿಂಗಳಲ್ಲೇ ಬಣ್ಣ ಬಿಟ್ಟು ಕೆಂಚಗಾಗುವುದನ್ನು ಅನೇಕ ಹೆಣ್ಣುಮಕ್ಕಳು ನೋಡಿರುತ್ತಾರೆ. ಇದು ರೋಗದ ಗುರುತಲ್ಲ. ಯೋನಿಸ್ರಾವದಲ್ಲಿರುವ ಆಮ್ಲ ಬಟ್ಟೆಯ ಬಣ್ಣ ತೆಗೆದಿದೆ, ಅಷ್ಟೇ. ಸೋಂಕು ತರುವ ರೋಗಾಣುಗಳನ್ನು ತಡೆಯುವುದೂ ಅದೇ ಆಮ್ಲ.

ಹುಡುಗಿ ಪ್ರಾಯಕ್ಕೆ ಬರುತ್ತಿದ್ದಂತೆ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಶೇಖರವಾಗುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಅದರಿಂದ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಹಾಲಿಗೆ ಹೆಪ್ಪು ಹಾಕಿದಾಗ ಮೊಸರನ್ನು ಹುಳಿಯಾಗಿಸುವುದೂ ಇದೇ ಆಮ್ಲ. ಆದ್ದರಿಂದ ಯೋನಿಯ ಪಿಎಚ್ ಸಾಮಾನ್ಯವಾಗಿ 3.8ರಿಂದ 4.5ರ ನಡುವೆ ಇರುತ್ತದೆ. ಈ ಬ್ಯಾಕ್ಟೀರಿಯಾಗಳನ್ನು ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ವಿವರಿಸಿದ್ದ.

ದಿನಕ್ಕೆ ಒಂದರಿಂದ ನಾಲ್ಕು ಮಿಲಿಲೀಟರ್ ಸ್ರಾವ ಸಾಮಾನ್ಯ. ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಅದು ತಿಳಿಯಾಗಿ, ಎರಡು ಬೆರಳ ನಡುವೆ ಎಳೆದರೆ ಎಳೆ ಬರುವಷ್ಟು ಲೋಳೆಯಾಗುತ್ತದೆ. ಆಮೇಲೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಬಸುರಿಯರಲ್ಲಿ ಹೆಚ್ಚು, ಮುಟ್ಟು ನಿಂತ ಮೇಲೆ ಕಡಿಮೆ. ತುರಿಕೆ, ಉರಿ, ಕೆಟ್ಟ ವಾಸನೆ ಇಲ್ಲದಿದ್ದರೆ ಇದಕ್ಕೆ ಯಾವ ಔಷಧಿಯೂ ಬೇಡ.

ಆದರೂ ‘ಬಿಳಿ ಹೋದರೆ ಮೂಳೆ ಕರಗುತ್ತದೆ, ಶಕ್ತಿ ಸೋರುತ್ತದೆ’ ಎಂಬ ಭಯ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಸ್ರಾವದಲ್ಲಿರುವುದು ನೀರು, ಲೋಳೆ, ಉದುರಿದ ಜೀವಕೋಶ ಮತ್ತು ಬ್ಯಾಕ್ಟೀರಿಯಾ. ಮೂಳೆಯ ಅಂಶ ಅದರಲ್ಲಿಲ್ಲ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಸ್ರಾವದ ದೂರು ಹೇಳಿದ ಹೆಂಗಸರಲ್ಲಿ ಸೋಂಕಿಗಿಂತ ಮನಸ್ಸಿನ ಒತ್ತಡ, ಖಿನ್ನತೆಗಳ ನಂಟು ಗಾಢವಾಗಿ ಕಂಡಿತು. ಸುಸ್ತು, ಸೊಂಟನೋವು ಎನ್ನುವವಳ ಹಿಮೋಗ್ಲೋಬಿನ್ ನೋಡಬೇಕು. ಅವಳು ಏನೇನು ಹೊರುತ್ತಿದ್ದಾಳೆಂದು ಕೇಳಬೇಕು.

ಇನ್ನು ರೋಗದ ಲಕ್ಷಣಗಳು. ಗಟ್ಟಿ ಮೊಸರಿನಂಥ ಬಿಳಿ ಸ್ರಾವದ ಜೊತೆ ತಡೆಯಲಾಗದ ತುರಿಕೆ ಇದ್ದರೆ ಕ್ಯಾಂಡಿಡಾ ಶಿಲೀಂಧ್ರದ ಸಾಧ್ಯತೆ ಹೆಚ್ಚು. ಆ್ಯಂಟಿಬಯಾಟಿಕ್ ನುಂಗಿದ ಮೇಲೆ, ಸಕ್ಕರೆ ಕಾಯಿಲೆ ಇರುವವರಲ್ಲಿ, ಬಸುರಿನಲ್ಲಿ ಇದು ಸುಲಭವಾಗಿ ಬರುತ್ತದೆ. ಬೂದುಬಣ್ಣದ ತೆಳು ಸ್ರಾವ, ಮೀನಿನ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು: ಲ್ಯಾಕ್ಟೋಬ್ಯಾಸಿಲಸ್ ಕುಗ್ಗಿ ಬೇರೆ ಬ್ಯಾಕ್ಟೀರಿಯಾಗಳು ಮೇಲುಗೈ ಸಾಧಿಸಿರುತ್ತವೆ. ಹಳದಿ-ಹಸಿರು, ನೊರೆನೊರೆ ಸ್ರಾವ ಟ್ರೈಕೊಮೊನಾಸ್ ಇರಬಹುದು. ಇದು ಲೈಂಗಿಕ ಸಂಪರ್ಕದಿಂದ ಹರಡುವುದರಿಂದ ಗಂಡನಿಗೂ ಚಿಕಿತ್ಸೆ ಆಗಲೇಬೇಕು.

ಪರೀಕ್ಷೆ ಸರಳ. ವೈದ್ಯರು ಹತ್ತಿಯ ಕಡ್ಡಿಯಲ್ಲಿ ಸ್ರಾವ ತೆಗೆದು ಪಿಎಚ್ ಕಾಗದಕ್ಕೆ ಒತ್ತುತ್ತಾರೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸಲೈನ್‌ನಲ್ಲಿ ಕಲಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಟ್ರೈಕೊಮೊನಾಸ್ ಜೀವಿಗಳು ಬಾಲ ಬಡಿಯುತ್ತ ಓಡಾಡುವುದು ಕಾಣುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿದ್ದೊಡನೆ ಮೀನಿನ ವಾಸನೆ ಎದ್ದರೆ ವಜೈನೋಸಿಸ್‌ನ ಸುಳಿವು ಸಿಕ್ಕಂತೆ. ಶಿಲೀಂಧ್ರಕ್ಕೆ ಕೊಡುವ ಔಷಧಿ ಉಳಿದೆರಡಕ್ಕೆ ನಾಟದು. ಅಂಗಡಿಯಲ್ಲಿ ಕೇಳಿ ತಂದ ಕ್ರೀಮು ಹಚ್ಚಿ ದಿನ ದೂಡಬಾರದು.

ರಕ್ತ ಬೆರೆತ ಸ್ರಾವ, ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ಜ್ವರದೊಡನೆ ಕಿಬ್ಬೊಟ್ಟೆ ನೋವು – ಇವು ಕಂಡರೆ ತಡಮಾಡದೆ ವೈದ್ಯರನ್ನು ನೋಡಬೇಕು. ಗರ್ಭಕಂಠದ ಕ್ಯಾನ್ಸರ್ ಕೂಡ ಹೀಗೆ ಕಾಣಿಸಿಕೊಳ್ಳಬಹುದು. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇಂಥ ಸೋಂಕುಗಳಿಗೆ ಉಚಿತ ಚಿಕಿತ್ಸೆ ಇದೆ.

ಸೋಪು, ಡೆಟಾಲ್ ಹಾಕಿ ಯೋನಿಯ ಒಳಗೆ ತೊಳೆಯುವುದು ಬೇಡ; ಕಾಪಾಡುವ ಬ್ಯಾಕ್ಟೀರಿಯಾಗಳೇ ಅದರಿಂದ ಸಾಯುತ್ತವೆ. ಹೊರಭಾಗವನ್ನು ನೀರಿನಿಂದ ತೊಳೆದರೆ ಸಾಕು. ಮೊದಲ ಮುಟ್ಟಿಗೆ ಆರು ತಿಂಗಳಿಂದ ವರ್ಷ ಮುಂಚೆಯೇ ಹುಡುಗಿಯರಿಗೆ ಬಿಳಿ ಸ್ರಾವ ಶುರುವಾಗುತ್ತದೆ. ಮಗಳಿಗೆ ಮುಟ್ಟಿನ ವಿಷಯ ಹೇಳುವಾಗ ಇದನ್ನೂ ಬಿಡಿಸಿ ಹೇಳಿ. ಸಹಜ ಯಾವುದೆಂದು ಅರಿತವಳು ವಿನಾಕಾರಣ ಹೆದರುವುದಿಲ್ಲ. ನಿಜಕ್ಕೂ ಸೋಂಕು ತಗುಲಿದಾಗ ಮುಚ್ಚಿಡುವುದೂ ಇಲ್ಲ.