ಮಾರುಕಟ್ಟೆಯ ಮಗ್ಗುಲಲ್ಲೇ ಬೇಕಾದ ಸೂರು

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೂವು, ತರಕಾರಿ ಬಂದಿಳಿಯುವುದು ಬೆಳಕು ಹರಿಯುವ ಮೊದಲು. ಮೂಟೆ ಇಳಿಸುವ ಹಮಾಲಿ ಆ ಹೊತ್ತಿಗೆ ಅಲ್ಲಿರಲೇಬೇಕು. ಅದಕ್ಕೇ ಅಂಗಡಿಯ ಜಗಲಿಯಲ್ಲಿ ಮಲಗುತ್ತಾನೆ. ಊರಾಚೆ ಮಂಚ, ಹಾಸಿಗೆ ಕೊಟ್ಟರೂ ಅವನು ಹೋಗಲಾರ. ಹೋದರೆ ಕೂಲಿ ತಪ್ಪುತ್ತದೆ.

ನಗರದ ವಸತಿರಹಿತರ ಆಶ್ರಯ ಕೇಂದ್ರಗಳ ನಿಯಮ ಇದನ್ನು ಗುರುತಿಸಿದೆ. 2010ರಲ್ಲಿ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ಆಶ್ರಯ ಬೇಕೆಂದಿತು. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದಕ್ಕೆ ಯೋಜನೆಯ ರೂಪ ಕೊಟ್ಟಿತು: ತಲಾ 50 ಚದರ ಅಡಿ ಜಾಗ, ನೀರು, ಶೌಚಾಲಯ, ಅಡುಗೆಗೆ ಜಾಗ, ಬೀಗ ಹಾಕುವ ಪೆಟ್ಟಿಗೆ. ಕೇಂದ್ರ ಮಾತ್ರ ಜನ ದುಡಿಯುವ, ಮಲಗುವ ಕಡೆಗೆ ಆದಷ್ಟೂ ಹತ್ತಿರವಿರಬೇಕು.

ಎಲ್ಲೆಲ್ಲಿ ಕೇಂದ್ರ ಬೇಕೆಂದು ತಿಳಿಯಲು ವಸತಿರಹಿತರನ್ನು ಹಗಲಲ್ಲಿ ಎಣಿಸಹೋದರೆ ಸಿಗುವುದಿಲ್ಲ, ಕೆಲಸದಲ್ಲಿರುತ್ತಾರೆ. ಆದ್ದರಿಂದ ಸಮೀಕ್ಷೆ ರಾತ್ರಿಯದು. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿರಹಿತರನ್ನು ಲೆಕ್ಕಹಾಕಿತ್ತು.

ಕೇಂದ್ರದಲ್ಲಿ ಬೀಗದ ಪೆಟ್ಟಿಗೆಯ ವಿಷಯ ಸಣ್ಣದೆನ್ನಿಸಬಹುದು. ಬೀದಿಯಲ್ಲಿ ನಿದ್ದೆಯಲ್ಲಿದ್ದಾಗ ಕಳವಾಗುವುದು ಕೂಲಿಯ ದುಡ್ಡಷ್ಟೇ ಅಲ್ಲ, ಗುರುತಿನ ಚೀಟಿಯೂ ಹೌದು. ಚೀಟಿ ಹೋದರೆ ಪಡಿತರ, ಪಿಂಚಣಿ ಎರಡಕ್ಕೂ ಅಡ್ಡಿ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪತ್ರ ಆಧಾರ್‌ಗೆ ವಿಳಾಸದ ದಾಖಲೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಕೇಂದ್ರ ಕೊಡುವ ದೊಡ್ಡ ವಸ್ತು ಹಾಸಿಗೆಯಲ್ಲ, ಈ ವಿಳಾಸ.

ಆದರೂ ಕೇಂದ್ರಕ್ಕೆ ಕರೆದರೆ ಹಲವರು ಹಿಂಜರಿಯುತ್ತಾರೆ. ಕಾರಣ, 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಅದರಡಿ ಭಿಕ್ಷೆ ಬೇಡಿ ಸಿಕ್ಕಿಬಿದ್ದವರನ್ನು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ವರ್ಷಗಟ್ಟಲೆ ಇರಿಸಬಹುದು. ನಾವು ಆಸ್ತಿ ತೆರಿಗೆಯ ಜೊತೆ ಕಟ್ಟುವ ಶೇ. 3ರ ಭಿಕ್ಷುಕರ ಕರ ಹೋಗುವುದು ಅದಕ್ಕೇ. ಬೆಂಗಳೂರಿನ ಆ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಸಾಲುಸಾಲು ಸಾವುಗಳಾದವು. ಹೆದರಿಕೆಗೆ ಬುಡವಿದೆ. ವಸತಿರಹಿತರ ಆಶ್ರಯ ಕೇಂದ್ರ ಅದಲ್ಲ; ಇಲ್ಲಿಗೆ ಬರುವುದೂ ಹೊರಡುವುದೂ ಅವರ ಇಷ್ಟ.

ಹಾಗಾಗಿ ಬಸ್ ನಿಲ್ದಾಣದಲ್ಲಿ ಮಲಗಿದವರನ್ನು ಕಂಡರೆ ಮೊದಲು ಅವರನ್ನೇ ಕೇಳಿ. ಒಪ್ಪಿದರೆ ಪಾಲಿಕೆಗೋ ಪುರಸಭೆಗೋ ತಿಳಿಸಿ. ಹೆಂಗಸರಿಗೆ, ಮಕ್ಕಳೊಂದಿಗಿರುವವರಿಗೆ ಪ್ರತ್ಯೇಕ ಜಾಗವಿದೆಯೇ, ಕೆಲಸದ ಜಾಗಕ್ಕೆ ನಡೆದೇ ಹೋಗಬಹುದೇ ಎಂದು ವಿಚಾರಿಸಿ ಅವರಿಗೆ ಹೇಳಿ.