ಗಡಿಯಾರ ಎದುರಿಗಿಟ್ಟುಕೊಂಡು ಕಾದಂಬರಿ ಬರೆದವ

ಪ್ರತಿ ಸಂಚಿಕೆಗೂ ನಾವು ಕಥೆ ಕೇಳಿದಾಗ ಬರುವ ಉತ್ತರ ಒಂದೇ: "ಮೂಡ್ ಬಂದಿಲ್ಲ ಕಣೋ, ಇಂಟರ್ನಲ್ಸ್ ಮುಗೀಲಿ." ಇಂಟರ್ನಲ್ಸ್ ಮುಗಿದರೆ ಲ್ಯಾಬ್ ರೆಕಾರ್ಡ್, ಅದಾದ ಮೇಲೆ ಪ್ಲೇಸ್‌ಮೆಂಟ್. ಮೊದಲ ಸೆಮಿಸ್ಟರಿನಲ್ಲಿ ಚೆಂದದ ಕಥೆ ಬರೆದವರು ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಬರೆಯುವುದನ್ನೇ ಬಿಟ್ಟಿರುತ್ತಾರೆ. ಈಗಲೇ ಹೀಗಾದರೆ ಕೆಲಸಕ್ಕೆ ಸೇರಿದ ಮೇಲೆ ಬರೆಯೋಕಾಗುತ್ತಾ? ಈ ಭಯ ನಮಗೂ ಇದೆ. ಅದಕ್ಕೇ ಈ ಸಲ ಒಬ್ಬ ಅಂಚೆ ನೌಕರನ ವಿಷಯ.

ಆಂಟನಿ ಟ್ರಾಲಪ್ (1815–1882) ಇಂಗ್ಲೆಂಡಿನ ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿದ್ದು 1834ರಲ್ಲಿ, ಕೆಲಸ ಬಿಟ್ಟದ್ದು 1867ರಲ್ಲಿ. ಬದುಕಿದ್ದಷ್ಟು ಕಾಲದಲ್ಲಿ ಬರೆದದ್ದು 47 ಕಾದಂಬರಿ! ಅವುಗಳಲ್ಲಿ ಬಹಳಷ್ಟನ್ನು ಬರೆದದ್ದು ನೌಕರಿಯಲ್ಲಿದ್ದಾಗಲೇ.

ಹೇಗೆ ಸಾಧ್ಯವಾಯ್ತು? ಬೆಳಿಗ್ಗೆ 5:30ಕ್ಕೆ ಮೇಜಿನ ಮುಂದೆ ಹಾಜರ್. ಎಬ್ಬಿಸಿ ಕಾಫಿ ಕೊಡಲೆಂದೇ ಮನೆಯ ಕೆಲಸದವನಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚುವರಿ ಸಂಬಳ. ತನ್ನ ಯಶಸ್ಸಿಗೆ ಎಲ್ಲರಿಗಿಂತ ಹೆಚ್ಚು ಋಣಿಯಾಗಿರುವುದು ಅವನಿಗೇ ಎಂದು ಟ್ರಾಲಪ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು 15 ನಿಮಿಷಕ್ಕೆ 250 ಪದ. ಲೆಕ್ಕ ಹಾಕಿ: ಎರಡೂವರೆ ಗಂಟೆಗೆ 2,500 ಪದ. ತಿಂಡಿಯ ಹೊತ್ತಿಗೆ ಆ ದಿನದ ಬರವಣಿಗೆ ಖತಂ, ಆಮೇಲೆ ಆಫೀಸು. ದಿನಕ್ಕೆಷ್ಟು ಪುಟ ಆಯ್ತು ಅಂತ ಡೈರಿಯಲ್ಲಿ ಗುರುತು ಹಾಕುತ್ತಿದ್ದ. ಸೋಮಾರಿತನ ಮಾಡಿದ ವಾರ ಆ ಖಾಲಿ ಜಾಗವೇ ಅವನನ್ನು ಚುಚ್ಚುತ್ತಿತ್ತಂತೆ.

ಅಂಚೆ ಕೆಲಸಕ್ಕಾಗಿ ಊರೂರು ತಿರುಗಬೇಕಾದಾಗ ರೈಲಿನಲ್ಲೇ ಪೆನ್ಸಿಲ್ ಹಿಡಿದು ಬರೆದ. ಹೆಂಡತಿ ಅದನ್ನು ಶುದ್ಧಪ್ರತಿ ಮಾಡಿದಳು. 'ಬಾರ್ಚೆಸ್ಟರ್ ಟವರ್ಸ್' (1857) ಬಹುಪಾಲು ಹುಟ್ಟಿದ್ದು ಹೀಗೆ.

ದುಡ್ಡಿನ ವಿಷಯದಲ್ಲೂ ಮುಚ್ಚುಮರೆ ಇಲ್ಲ. ಮೊದಲ ಕಾದಂಬರಿಯಿಂದ ಒಂದು ಕಾಸೂ ಹುಟ್ಟಲಿಲ್ಲ. 'ದಿ ವಾರ್ಡನ್' (1855) ಎರಡು ವರ್ಷದಲ್ಲಿ ತಂದದ್ದು ಸುಮಾರು 20 ಪೌಂಡ್. ಕೆಲವೇ ವರ್ಷಗಳಲ್ಲಿ ಒಂದು ಕಾದಂಬರಿಗೆ 1,000 ಪೌಂಡ್ ಸಿಗುವಂತಾಯಿತು. ಬರಹಗಾರನೂ ಚಪ್ಪಲಿ ಹೊಲಿಯುವವನ ಹಾಗೆ, ಸ್ಫೂರ್ತಿಗೆ ಕಾಯದೆ ಕೂತು ದುಡಿಯಬೇಕು ಅನ್ನೋದು ಅವನ ವಾದ. ಅವನು ತೀರಿಕೊಂಡ ಮೇಲೆ, 1883ರಲ್ಲಿ, ಆತ್ಮಕಥೆ ಪ್ರಕಟವಾದಾಗ ಅನೇಕರು ಮೂಗು ಮುರಿದರು: ಇದೇನು ಕಲೆಯೋ, ಕಾರ್ಖಾನೆಯೋ?

ಕನ್ನಡದಲ್ಲೂ ಬರವಣಿಗೆ ಬೆವರಿನ ಕೆಲಸವೇ. ಶಾಲಾ ಮಾಸ್ತರರಾಗಿದ್ದ ಗಳಗನಾಥರು ಕಾದಂಬರಿ ಬರೆದದ್ದಷ್ಟೇ ಅಲ್ಲ, ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ಅಲೆದು ಮಾರಿದರು.

ಸರಿ, ನಾವೂ ನೋಡೋಣ ಅಂತ ಹಾಸ್ಟೆಲಿನ ಒಂಬತ್ತು ಜನ 10 ದಿನ ಬೆಳಿಗ್ಗೆ 5:30ಕ್ಕೆ ಕೂತೆವು. 15 ನಿಮಿಷಕ್ಕೆ 250 ಪದ ನಮ್ಮಿಂದಾಗುವ ಮಾತಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಪದ ಹಿಡಿಯೋದನ್ನು 'ಮನೆಯೊಳಗಿಂದ' ಅಂತ ಕನ್ನಡ ಒಂದೇ ಪದದಲ್ಲಿ ಮುಗಿಸಿಬಿಡುತ್ತದೆ! ಅರ್ಧ ಗಂಟೆಗೆ 100 ಪದ ಸಾಕು ಎಂದುಕೊಂಡೆವು. ನಾಲ್ಕನೇ ದಿನಕ್ಕೆ ನಾಲ್ವರು ಹಾಸಿಗೆ ಸೇರಿದರು.

ಉಳಿದ ಐವರಿಗೆ ಒಂದು ವಿಷಯ ಗೊತ್ತಾಯ್ತು. ಹಿಂದಿನ ದಿನ ಮೆಸ್ಸಿಗೆ ಹೋಗುವಾಗಲೋ ಬಸ್ಸಲ್ಲಿ ನಿಂತಾಗಲೋ ಪಾತ್ರದ ಬಗ್ಗೆ ಯೋಚಿಸಿದ್ದರೆ ಬೆಳಿಗ್ಗೆ ಕೈ ಓಡುತ್ತಿತ್ತು. ಇಲ್ಲದಿದ್ದರೆ ಗಡಿಯಾರ ನೋಡುತ್ತಾ ಕೂರುವುದಷ್ಟೇ. ಇದನ್ನೂ ಟ್ರಾಲಪ್ ಹೇಳಿದ್ದಾನೆ. ಕಾಡು, ಬಂಡೆಗಳ ನಡುವೆ ಒಬ್ಬನೇ ಅಲೆಯುತ್ತಾ, ತನ್ನ ಪಾತ್ರಗಳ ದುಃಖಕ್ಕೆ ಅತ್ತು, ಅವುಗಳ ಪೆದ್ದುತನಕ್ಕೆ ನಕ್ಕವನು ಅವನು. ಅವನನ್ನು ಹಳಿದವರು ಗಡಿಯಾರವನ್ನು ಮಾತ್ರ ನೋಡಿದರು, ಈ ಅಲೆದಾಟವನ್ನು ನೋಡಲಿಲ್ಲ. ಬೆಳಗಿನ ಮೂರು ಗಂಟೆ ಕೊಯ್ಲು ಮಾತ್ರ. ಬಿತ್ತನೆ ಉಳಿದ ಹೊತ್ತಿನಲ್ಲಿ ನಡೆದಿರುತ್ತಿತ್ತು.

10 ದಿನಕ್ಕೆ ನಮ್ಮ ಕೈಗೆ ಬಂದದ್ದು ಎರಡು ಪೂರ್ತಿ ಕಥೆ, ಮೂರು ಅರ್ಧಂಬರ್ಧ. ಮಹಾ ಸಾಹಿತ್ಯವೇನಲ್ಲ. ಆದರೆ ಅದೇ ವಾರ ನಮಗೆ ಇಂಟರ್ನಲ್ಸೂ ಇತ್ತು.

ಮುಂದಿನ ಸಂಚಿಕೆಗೆ ಕಥೆ ಕೊಡ್ತೀರಲ್ಲ?