ಮನುಷ್ಯರ ಮುಂದೆ ಕೈಚಾಚದ ಮನೆ

“ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೆ?” ಎಂಬ ಗಾದೆಯನ್ನು ಕೇಳದ ಮನೆ ನಮ್ಮಲ್ಲಿಲ್ಲ. ಆದರೆ ತಿಂಗಳ ಕೊನೆಯ ವಾರದಲ್ಲಿ ಅಕ್ಕಿಯ ಡಬ್ಬಿಯ ತಳ ಕಾಣತೊಡಗಿದಾಗ, ಆ ಗಾದೆಯೊಂದನ್ನೇ ನೆಚ್ಚಿ ನೆಮ್ಮದಿಯಾಗಿ ನಿದ್ರಿಸುವ ಗೃಹಸ್ಥರು ಎಷ್ಟು ಮಂದಿ? ಅಂಗಡಿಯವನ ಲೆಕ್ಕದ ಪುಸ್ತಕವೋ ನೆರೆಮನೆಯ ಕೈಗಡವೋ ಮೊದಲು ನೆನಪಿಗೆ ಬರುತ್ತದೆ, ದೇವರು ಅನಂತರ.

ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ವರ್ಷದ ದವಸವನ್ನಲ್ಲ. ಆ ದಿನದ ಆಹಾರವನ್ನು ಮಾತ್ರ. ಕೋಟ್ಯಂತರ ಮಂದಿ ಅದನ್ನು ದಿನನಿತ್ಯ ಹೇಳುತ್ತಾರೆ. ಆದರೆ ಅದನ್ನು ಅಕ್ಷರಶಃ ನಂಬಿ, ಸಾಲ ಮಾಡದೆ, ಯಾರ ಬಾಗಿಲನ್ನೂ ತಟ್ಟದೆ, ಅರವತ್ತೆರಡು ವರ್ಷಗಳ ಕಾಲ ತಬ್ಬಲಿ ಮಕ್ಕಳಿಗೆ ಹೊತ್ತುಹೊತ್ತಿಗೆ ಊಟವಿಟ್ಟವರೊಬ್ಬರಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನೆಲೆಸಿದ್ದ ಅವರ ಹೆಸರು ಜಾರ್ಜ್ ಮುಲ್ಲರ್.

ಸುಂಕದ ಅಧಿಕಾರಿಯ ಮಗ

ಮುಲ್ಲರ್ ಹುಟ್ಟಿದ್ದು ೧೮೦೫ರ ಸೆಪ್ಟೆಂಬರ್ ೨೭ರಂದು, ಪ್ರಷ್ಯದ ಕ್ರೊಪ್ಪೆನ್‌ಸ್ಟೆಟ್ ಎಂಬ ಊರಿನಲ್ಲಿ. ತಂದೆ ಸರಕಾರಿ ಸುಂಕದ ಅಧಿಕಾರಿ. ಮುಂದೆ ಲಕ್ಷಾಂತರ ಪೌಂಡುಗಳ ಲೆಕ್ಕವನ್ನು ಕೂದಲೆಳೆಯಷ್ಟೂ ತಪ್ಪದಂತೆ ಬರೆದಿಟ್ಟ ಈ ವ್ಯಕ್ತಿ, ಬಾಲ್ಯದಲ್ಲಿ ತಂದೆಯ ಸುಪರ್ದಿನಲ್ಲಿದ್ದ ಹಣವನ್ನೇ ಕದಿಯುತ್ತಿದ್ದ ಹುಡುಗ! ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡ ರಾತ್ರಿ ಈತ ಇಸ್ಪೀಟಾಟದಲ್ಲಿ ಮುಳುಗಿದ್ದನು. ಹದಿನಾರನೆಯ ವಯಸ್ಸಿನಲ್ಲಿ ವಸತಿಗೃಹದ ಹಣ ಕೊಡದೆ ಜಾರಿಕೊಳ್ಳಲು ಹೋಗಿ ಸಿಕ್ಕಿಬಿದ್ದು, ಕೆಲವು ವಾರ ಸೆರೆಮನೆಯನ್ನೂ ಕಂಡನು. ಈ ಸಂಗತಿಗಳನ್ನೆಲ್ಲ ತಿಳಿಸಿದವರು ಶತ್ರುಗಳಲ್ಲ. ಮುಲ್ಲರ್ ಅವರೇ ತಮ್ಮ ದಿನಚರಿಯ ಗ್ರಂಥದಲ್ಲಿ ಬರೆದುಕೊಂಡಿದ್ದಾರೆ.

ತಂದೆಗೆ ಮಗನು ಪಾದ್ರಿಯಾಗಬೇಕೆಂಬ ಆಸೆ. ಭಕ್ತಿಯಿಂದಲ್ಲ, ಆ ಉದ್ಯೋಗದಲ್ಲಿದ್ದ ನಿಶ್ಚಿತ ಆದಾಯದಿಂದ. ೧೮೨೫ರಲ್ಲಿ ಹಾಲೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಗೆಳೆಯನೊಬ್ಬನು ಈತನನ್ನು ಒಂದು ಮನೆಯ ಪ್ರಾರ್ಥನಾಕೂಟಕ್ಕೆ ಕರೆದೊಯ್ದನು. ಅಲ್ಲಿ ಮೊಣಕಾಲೂರಿ ದೇವರೊಡನೆ ಮಾತನಾಡುವವನನ್ನು ಆ ಯುವಕ ಮೊದಲ ಸಲ ನೋಡಿದನು. ಅಂದಿನಿಂದ ಆತನ ಬಾಳಿನ ದಿಕ್ಕೇ ಬದಲಾಯಿತು. ಅದೇ ಊರಿನಲ್ಲಿ ಹದಿನೇಳನೆಯ ಶತಮಾನದ ಕೊನೆಯಲ್ಲಿ ಔಗುಸ್ಟ್ ಹೆರ್ಮನ್ ಫ್ರಾಂಕೆ ಎಂಬ ಭಕ್ತರು ದೇವರನ್ನೇ ನಂಬಿ ಕಟ್ಟಿಸಿದ್ದ ದೊಡ್ಡ ಅನಾಥಾಲಯವಿತ್ತು. ಬಡ ವಿದ್ಯಾರ್ಥಿಗಳಿಗೆಂದು ಮೀಸಲಾದ ಅದರ ಕೊಠಡಿಯಲ್ಲಿ ಮುಲ್ಲರ್ ಎರಡು ತಿಂಗಳು ವಾಸಿಸಿದ್ದರು. ಬೀಜ ಬಿದ್ದುದು ಅಲ್ಲಿ.

ಸಂಬಳ ಬೇಡವೆಂದ ಪಾದ್ರಿ

೧೮೨೯ರಲ್ಲಿ ಇಂಗ್ಲೆಂಡಿಗೆ ಬಂದ ಮುಲ್ಲರ್, ಮರುವರ್ಷ ಟೀನ್‌ಮತ್ ಎಂಬ ಕಡಲತೀರದ ಊರಿನಲ್ಲಿ ಚಿಕ್ಕ ಸಭೆಯೊಂದರ ಬೋಧಕರಾದರು. ಮೇರಿ ಗ್ರೋವ್ಸ್ ಎಂಬುವರನ್ನು ವರಿಸಿದರು. ದೇವಾಲಯದ ಪೀಠಗಳಿಗೆ ಬಾಡಿಗೆ ಕಟ್ಟಿಸಿಕೊಂಡು, ಆ ಹಣದಿಂದ ಬೋಧಕನ ಸಂಬಳ ಕೊಡುವುದು ಆಗಿನ ರೂಢಿ. ಹಣವುಳ್ಳವನಿಗೆ ಮುಂದಿನ ಆಸನ, ಬಡವನಿಗೆ ಮೂಲೆ. ಇದು ಧರ್ಮವಲ್ಲವೆಂದು ಮುಲ್ಲರ್ ತಮ್ಮ ನಿಶ್ಚಿತ ಸಂಬಳವನ್ನೇ ಬಿಟ್ಟುಕೊಟ್ಟರು. ದೇವಾಲಯದಲ್ಲಿ ಒಂದು ಪೆಟ್ಟಿಗೆಯನ್ನಿಟ್ಟರು. ಇಷ್ಟವುಳ್ಳವರು ಹಾಕಬಹುದು, ಹಾಕದಿದ್ದರೆ ಕೇಳುವವರಿಲ್ಲ. ಮದುವೆಯಾಗಿ ತಿಂಗಳೂ ತುಂಬದ ಹೆಂಡತಿ ಈ ನಿರ್ಧಾರಕ್ಕೆ ಸಮ್ಮತಿಸಿದಳೆಂಬುದನ್ನು ನಮ್ಮ ಗೃಹಿಣಿಯರು ಗಮನಿಸಬೇಕು. ಅಂದಿನಿಂದ ಆ ದಂಪತಿಗಳು ತಮ್ಮ ಕೊರತೆಯನ್ನು ದೇವರಿಗಲ್ಲದೆ ಮತ್ತಾರಿಗೂ ಹೇಳಲಿಲ್ಲ.

೧೮೩೨ರಲ್ಲಿ ಅವರು ಬ್ರಿಸ್ಟಲ್ಲಿಗೆ ಬಂದರು. ಅದೇ ವರ್ಷ ಆ ನಗರದಲ್ಲಿ ಕಾಲರಾ ಹಬ್ಬಿತು. ತಂದೆತಾಯಿಗಳಿಲ್ಲದ ಮಕ್ಕಳು ಬೀದಿಬೀದಿಯಲ್ಲಿ ಕಾಣುತ್ತಿದ್ದರು. ೧೮೩೫ರಲ್ಲಿ ಮುಲ್ಲರ್ ದಂಪತಿಗಳ ಹಸುಳೆ ಮಗನೂ ತೀರಿಕೊಂಡನು. ಬೇಡಿದುದೆಲ್ಲ ದೊರೆಯುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಅದೇ ವರ್ಷದ ಕೊನೆಯಲ್ಲಿ ಅವರು ಅನಾಥಾಲಯದ ಸಂಕಲ್ಪ ಮಾಡಿದರು.

ಮಕ್ಕಳ ಮೇಲಿನ ಕರುಣೆಯೊಂದೇ ಇದಕ್ಕೆ ಕಾರಣವಲ್ಲ. ನಾಳಿನ ಚಿಂತೆಯಿಂದ ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ದುಡಿದು ದೇಹವನ್ನೂ ಮನಸ್ಸನ್ನೂ ಸವೆಸಿಕೊಳ್ಳುತ್ತಿದ್ದ ಭಕ್ತರನ್ನು ಮುಲ್ಲರ್ ನೋಡಿದ್ದರು. ದೇವರು ಇಂದಿಗೂ ಮೊರೆಯನ್ನು ಕೇಳುತ್ತಾನೆಂದು ಅಂಥವರಿಗೆ ಕಣ್ಣಾರೆ ತೋರಿಸಬೇಕು. ಕೈಯಲ್ಲಿ ಹಣವಿಲ್ಲದವನೊಬ್ಬನು ಬರಿಯ ಪ್ರಾರ್ಥನೆಯಿಂದ ಅನಾಥಾಲಯ ನಡೆಸಿದರೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ? ಇದೇ ತಮ್ಮ ಮೊದಲ ಉದ್ದೇಶವೆಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಮರೆತುಹೋದ ಬೇಡಿಕೆ

ಮನೆಗಾಗಿ ಬೇಡಿದರು, ಹಣಕ್ಕಾಗಿ ಬೇಡಿದರು, ಕೆಲಸಗಾರರಿಗಾಗಿ, ಪಾತ್ರೆಪದಾರ್ಥಗಳಿಗಾಗಿ ಬೇಡಿದರು. ಎಲ್ಲವೂ ಒದಗಿದವು. ೧೮೩೬ರ ಫೆಬ್ರವರಿಯಲ್ಲಿ ಅರ್ಜಿ ಸ್ವೀಕರಿಸಲು ಗೊತ್ತುಮಾಡಿದ ದಿನ ಮುಲ್ಲರ್ ಕಾದು ಕುಳಿತರು. ಒಂದು ಮಗುವೂ ಬರಲಿಲ್ಲ! ಬರಿಗೈಯಲ್ಲಿ ಮರಳುತ್ತಿದ್ದಾಗ ಅವರಿಗೆ ಹೊಳೆಯಿತು: ಎಲ್ಲವನ್ನೂ ಕೇಳಿದ್ದೆ, ಮಕ್ಕಳನ್ನೇ ಕೇಳಿರಲಿಲ್ಲ! ಅಂದು ರಾತ್ರಿ ಅದಕ್ಕಾಗಿ ಪ್ರಾರ್ಥಿಸಿದರು. ಮರುದಿನ ಮೊದಲ ಅರ್ಜಿ ಬಂದಿತು. ಏಪ್ರಿಲ್ ೧೧ರಂದು ವಿಲ್ಸನ್ ಬೀದಿಯ ಬಾಡಿಗೆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು.

ಅಲ್ಲಿನ ನಿಯಮಗಳು ಕೆಲವೇ. ಯಾರನ್ನೂ ಹಣ ಕೇಳಕೂಡದು. ಸಾಲ ಮಾಡಕೂಡದು. ಹಣ ಸಾಲದ ಸಂಗತಿ ಮನೆಯ ಕೆಲಸಗಾರರಿಗಲ್ಲದೆ ಹೊರಗಿನವರಿಗೆ ತಿಳಿಯಕೂಡದು. ಬಂದ ಪ್ರತಿಯೊಂದು ಕಾಣಿಕೆಗೂ, ಅದು ಒಂದು ಪೆನ್ನಿಯೇ ಆಗಲಿ, ಲೆಕ್ಕವಿರಬೇಕು.

ಪಕ್ಕದ ಮನೆಯಲ್ಲಿದ್ದ ಹಣ

ಮುಲ್ಲರರ ಬಗ್ಗೆ ಹೇಳುವ ಕಥೆಗಳಲ್ಲಿ ಬಹು ಪ್ರಸಿದ್ಧವಾದದ್ದು, ಬರಿದಾದ ತಟ್ಟೆಗಳ ಮುಂದೆ ಮಕ್ಕಳು ಪ್ರಾರ್ಥಿಸುತ್ತಿರುವಾಗಲೇ ರೊಟ್ಟಿಯವನು ಬಾಗಿಲು ತಟ್ಟಿದ ಕಥೆ; ಅವನ ಹಿಂದೆಯೇ, ಗಾಡಿ ಮುರಿದ ಹಾಲಿನವನೂ ಬಂದನಂತೆ. ಅವರ ದಿನಚರಿಯ ಪುಟಗಳಲ್ಲಿ ಕಾಣುವ ಘಟನೆಗಳು ಇದಕ್ಕಿಂತ ಸಾದಾ. ಆದುದರಿಂದಲೇ ಮನಸ್ಸನ್ನು ಹೆಚ್ಚು ತಟ್ಟುತ್ತವೆ.

೧೮೩೮ರ ಸೆಪ್ಟೆಂಬರ್ ತಿಂಗಳು. ಆ ವೇಳೆಗೆ ವಿಲ್ಸನ್ ಬೀದಿಯಲ್ಲಿ ಮೂರು ಮನೆಗಳಾಗಿದ್ದವು, ಕೈಯಲ್ಲಿ ಕಾಸಿರಲಿಲ್ಲ. ಕೆಲಸಗಾರರು ತಮ್ಮ ಸ್ವಂತ ಹಣವನ್ನೂ ಹಾಕಿ ಮುಗಿಸಿದ್ದರು. ಇಲ್ಲದಿದ್ದರೂ ನಡೆಯುವಂಥ ಸಾಮಾನುಗಳನ್ನು ಮಾರಬೇಕಾದೀತೆಂಬ ಸ್ಥಿತಿ. ೧೮ನೆಯ ತಾರೀಖು, ಲಂಡನ್ನಿನ ಕಡೆಯಿಂದ ಬಂದಿದ್ದ ಮಹಿಳೆಯೊಬ್ಬಳು ಮೂರು ಪೌಂಡಿಗಿಂತ ತುಸು ಹೆಚ್ಚಾದ ಹಣವನ್ನು ತಂದುಕೊಟ್ಟಳು. ಅದು ಅವಳ ಮಗಳು ಕಳುಹಿಸಿದ ಕಾಣಿಕೆ. ವಿಚಿತ್ರವೆಂದರೆ, ಆಕೆ ಬಂದು ನಾಲ್ಕೈದು ದಿನಗಳಾಗಿದ್ದವು. ಇಳಿದುಕೊಂಡಿದ್ದುದು ಅನಾಥಾಲಯದ ಪಕ್ಕದ ಮನೆಯಲ್ಲಿಯೇ! ಗೋಡೆಯ ಈಚೆ ಮೊರೆ, ಗೋಡೆಯ ಆಚೆ ಹಣ. ಮತ್ತೊಬ್ಬರಾಗಿದ್ದರೆ ಇಷ್ಟು ದಿನ ನರಳಿಸಿದ್ದೇಕೆಂದು ಗೊಣಗುತ್ತಿದ್ದರೇನೋ. ಕೊಡಬೇಕೆಂಬುದು ದೇವರ ಮನಸ್ಸಿನಲ್ಲಿ ಮೊದಲಿನಿಂದಲೇ ಇತ್ತೆಂಬುದಕ್ಕೆ ಇದೇ ಸಾಕ್ಷಿಯೆಂದು ಮುಲ್ಲರ್ ಬರೆದರು.

ಕಠಿನ ಪರೀಕ್ಷೆ

ಇಲ್ಲಿ ಬುದ್ಧಿವಂತ ವಾಚಕರಿಗೊಂದು ಸಂದೇಹ ಏಳದಿರದು. ಮುಲ್ಲರ್ ವರ್ಷವರ್ಷವೂ ವರದಿ ಅಚ್ಚುಹಾಕಿಸುತ್ತಿದ್ದರು, ಸಭೆ ಕರೆಯುತ್ತಿದ್ದರು. ದೇವರು ಹೇಗೆ ಒದಗಿಸಿದನೆಂದು ಓದಿದವರ ಕೈ ತಾನಾಗಿಯೇ ಜೇಬಿಗೆ ಹೋಗುವುದಿಲ್ಲವೆ? ಬೇಡುವುದಿಲ್ಲವೆಂದು ಸಾರುವುದೂ ಬೇಡುವ ಒಂದು ಬಗೆಯಲ್ಲವೆ? ಈ ಆಕ್ಷೇಪಣೆ ಅವರ ಕಾಲದಲ್ಲಿಯೇ ಎದ್ದಿತು.

ಮುಲ್ಲರ್ ಇದಕ್ಕೆ ಕೊಟ್ಟ ಉತ್ತರ ಮಾತಿನದಲ್ಲ. ೧೮೪೧ರ ಡಿಸೆಂಬರಿನಲ್ಲಿ ಸಭೆ ನಡೆಸಿ ವರದಿ ಒಪ್ಪಿಸುವ ಸಮಯ ಬಂದಿತ್ತು, ಕೈ ಬರಿದಾಗಿತ್ತು. ಬಡತನವನ್ನು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಅವರು ಸಭೆಯನ್ನೂ ವರದಿಯನ್ನೂ ಕೆಲವು ತಿಂಗಳು ಮುಂದೂಡಿದರು! ಅನಂತರದ ನಾಲ್ಕು ತಿಂಗಳು ಅವರು ಕಂಡ ಅತಿ ಕಠಿನ ದಿನಗಳಲ್ಲಿ ಸೇರಿದವು. ಒಂದು ಹೊತ್ತಿನ ಊಟ ಮುಗಿದಾಗ ಮುಂದಿನ ಹೊತ್ತಿಗೆ ಏನೆಂದು ತಿಳಿಯದ ದಿನಗಳಿದ್ದವು. ೧೮೪೨ರ ಏಪ್ರಿಲ್ ೧೨ರಂದು, ಇಂಥ ಅಭಾವ ಹಿಂದೆ ಬಹುಶಃ ಎಂದೂ ಬಂದಿರಲಿಲ್ಲವೆಂದು ಅವರು ಬರೆದ ದಿನವೇ, ಅಂಚೆಯಲ್ಲಿ ನೂರು ಪೌಂಡು ಬಂದಿತು. ಅದು ಹೊರಟಿದ್ದು ಬ್ರಿಸ್ಟಲ್ಲಿನಿಂದಲ್ಲ, ಲಂಡನ್ನಿನಿಂದಲೂ ಅಲ್ಲ. ಅಂದಿನವರು ‘ಪೂರ್ವ ಇಂಡೀಸ್’ ಎಂದು ಕರೆಯುತ್ತಿದ್ದ ನಮ್ಮ ಕಡೆಯ ನಾಡಿನಿಂದ. ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿದ ಆ ಹಣ ಕೊರತೆ ಹುಟ್ಟುವ ಮೊದಲೇ ಹೊರಟಿದ್ದಿರಬೇಕು.

ಮತ್ತೊಮ್ಮೆ ಹಿತಚಿಂತಕರೊಬ್ಬರು, ಈಗ ನಿಮ್ಮಲ್ಲಿ ಹಣವೆಷ್ಟಿದೆಯೆಂದು ಪತ್ರ ಬರೆದು ನೇರವಾಗಿ ಕೇಳಿದರು. ನಿಜ ಹೇಳಿದರೆ ಕಷ್ಟ ತೀರುವಂತಿತ್ತು. ಆ ವಿಷಯ ತಿಳಿಸಲಾಗದೆಂದು ಮುಲ್ಲರ್ ವಿನಯದಿಂದ ಉತ್ತರಿಸಿದರು. ಆದರೂ ಅವರಿಂದ ನೂರು ಪೌಂಡು ಬಂದಿತು.

ಇಷ್ಟಾದರೂ ಸಂದೇಹಕ್ಕೆ ಎಡೆ ಉಳಿದೇ ಇದೆ. ಮುಂದೆ ವರದಿಗಳು ಹೊರಬರುತ್ತಲೇ ಇದ್ದವು, ಅವನ್ನು ಓದಿ ಕೊಟ್ಟವರೂ ಉಂಟು. ಆದರೆ ಹಸಿದ ಮಕ್ಕಳಿರುವ ಮನೆಯಲ್ಲಿ ಕುಳಿತು, ಕೇಳಿದರೆ ಸಿಗುವುದನ್ನೂ ಕೇಳದಿರುವುದು ಸುಲಭದ ಮಾತಲ್ಲ.

ಗಾಳಿ ತಿರುಗಿದ ದಿನ

೧೮೪೫ರಲ್ಲಿ ವಿಲ್ಸನ್ ಬೀದಿಯ ನೆರೆಯವರೊಬ್ಬರು ಮಕ್ಕಳ ಗದ್ದಲದಿಂದಾಗುವ ತೊಂದರೆಯನ್ನು ತಿಳಿಸಿ ಸೌಜನ್ಯದ ಪತ್ರ ಬರೆದರು. ಮುಲ್ಲರ್ ಸಿಟ್ಟಾಗಲಿಲ್ಲ, ದೂರು ನ್ಯಾಯವೆಂದು ಒಪ್ಪಿದರು. ಊರ ಹೊರಗಿನ ಆಶ್ಲಿ ಡೌನ್ ಎಂಬ ದಿಣ್ಣೆಯ ಮೇಲೆ ಏಳು ಎಕರೆ ನೆಲ ದೊರೆಯಿತು. ಎಕರೆಗೆ ಇನ್ನೂರು ಪೌಂಡು ಹೇಳುತ್ತಿದ್ದ ಒಡೆಯನು, ರಾತ್ರಿ ನಿದ್ರೆ ಬಾರದೆ ಯೋಚಿಸಿ, ನೂರಿಪ್ಪತ್ತಕ್ಕೇ ಕೊಟ್ಟನು. ೧೮೪೯ರ ಜೂನಿನಲ್ಲಿ ಮುನ್ನೂರು ಮಕ್ಕಳ ಮೊದಲ ಕಟ್ಟಡ ತೆರೆಯಿತು; ೧೮೭೦ರ ವೇಳೆಗೆ ಐದು ಕಟ್ಟಡಗಳಾಗಿ, ೨,೦೫೦ ಮಕ್ಕಳಿಗೆ ಸ್ಥಳವಾಯಿತು.

೧೮೫೭ರ ನವೆಂಬರಿನಲ್ಲಿ, ಚಾರ್ಲ್ಸ್ ಡಿಕನ್ಸರ ವಾರಪತ್ರಿಕೆ ‘ಹೌಸ್‌ಹೋಲ್ಡ್ ವರ್ಡ್ಸ್’ ಈ ಮನೆಯ ಬಗ್ಗೆ ಲೇಖನ ಪ್ರಕಟಿಸಿದ ತಿಂಗಳಲ್ಲಿಯೇ, ಮೊದಲ ಕಟ್ಟಡವನ್ನು ಬೆಚ್ಚಗಿಡುವ ಬಿಸಿನೀರಿನ ಹಂಡೆ ಸೋರತೊಡಗಿತು. ಸುತ್ತಲಿನ ಇಟ್ಟಿಗೆ ಕಟ್ಟಡವನ್ನೊಡೆದು ರಿಪೇರಿ ಮಾಡಬೇಕು. ಆ ತನಕ ಬೆಂಕಿಯಿಲ್ಲ. ದಿನ ಗೊತ್ತಾದ ಮೇಲೆ ಕೊರೆಯುವ ಉತ್ತರದ ಗಾಳಿ ಬೀಸತೊಡಗಿತು. ಮುಲ್ಲರ್ ಎರಡನ್ನು ಬೇಡಿದರು: ಗಾಳಿ ದಕ್ಷಿಣಕ್ಕೆ ತಿರುಗಲಿ, ಕೆಲಸಗಾರರಿಗೆ ಉತ್ಸಾಹ ಬರಲಿ. ಹಿಂದಿನ ಸಂಜೆಯವರೆಗೂ ಉತ್ತರದ ಗಾಳಿಯೇ. ಬೆಳಗಾದಾಗ ಹಿತವಾದ ತೆಂಕಣಗಾಳಿ ಬೀಸುತ್ತಿತ್ತು. ರಾತ್ರಿಯೆಲ್ಲ ದುಡಿಯುತ್ತೇವೆಂದು ಕೆಲಸಗಾರರೇ ಮುಂದಾದರು. ಆದರೆ ಗಾಳಿಗಾಗಿ ಪ್ರಾರ್ಥಿಸಿದ ಮುಲ್ಲರ್ ರಿಪೇರಿಯವರನ್ನು ಕರೆಸದೆ ಕುಳಿತಿರಲಿಲ್ಲ. ಪ್ರಾರ್ಥನೆಯೆಂದರೆ ಕೈಕಟ್ಟಿ ಕೂರುವುದೆಂದು ತಿಳಿದವರು ಇದನ್ನು ನೆನೆಯಬೇಕು.

ಗಂಗಾಮೂಲದ ಮಗಳು

ಈ ಕಥೆ ಬ್ರಿಸ್ಟಲ್ಲಿನಲ್ಲಿ ಮುಗಿಯುವುದಿಲ್ಲ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ನಮ್ಮ ಗಂಗಾಮೂಲದ ಕಾಡಿನಲ್ಲಿ ೧೮೫೮ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ೧೮೭೦ರ ದಶಕದ ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಅವರಿಗೆ ಹಸಿವೆಂದರೆ ಪುಸ್ತಕದ ಮಾತಲ್ಲ. ಕ್ರೈಸ್ತಧರ್ಮ ಸ್ವೀಕರಿಸಿ, ವಿಧವೆಯರಿಗಾಗಿ ಶಾರದಾ ಸದನ ನಡೆಸುತ್ತಿದ್ದ ಅವರ ಕೈಗೆ ಮುಲ್ಲರರ ಗ್ರಂಥ ಬಂದಿತು. ದೇವರನ್ನು ಹೀಗೆ ನಂಬುವುದು ಆ ದೇಶದಲ್ಲಿ ಸಾಧ್ಯವಾದರೆ ನಮ್ಮಲ್ಲೇಕೆ ಸಾಧ್ಯವಿಲ್ಲವೆಂದು ಅವರು ತಮ್ಮನ್ನೇ ಕೇಳಿಕೊಂಡರು.

ಹತ್ತು ವರ್ಷಗಳ ನೆರವಿನ ಮಾತು ಕೊಟ್ಟಿದ್ದ ಅಮೆರಿಕದ ಸಂಘದ ಅವಧಿ ೧೮೯೮ಕ್ಕೆ ಮುಗಿಯುವುದಿತ್ತು. ಅದಕ್ಕೆ ಮುನ್ನವೇ, ೧೮೯೬ರಲ್ಲಿ, ಮಧ್ಯಪ್ರಾಂತದಲ್ಲಿ ಕ್ಷಾಮ ತಲೆದೋರಿತು. ಮುಂದಿನ ಖರ್ಚಿಗೆ ದಾರಿ ಕಾಣದಿದ್ದರೂ ರಮಾಬಾಯಿಯವರು ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯ ಬಳಿಯ ಕೇಡಗಾಂವಿನ ತಮ್ಮ ಜಮೀನಿನಲ್ಲಿ ಆಸರೆ ಕೊಟ್ಟರು. ಹೀಗೆ ಬೆಳೆದ ‘ಮುಕ್ತಿ’ ಆಶ್ರಮದಲ್ಲಿ ೧೯೦೦ರ ವೇಳೆಗೆ ಸುಮಾರು ಎರಡು ಸಾವಿರ ಜೀವಗಳಿದ್ದವು.

ಉಳಿದದ್ದೇನು?

ಮುಲ್ಲರ್ ೧೮೯೮ರ ಮಾರ್ಚ್ ೧೦ರಂದು, ತೊಂಬತ್ತೆರಡನೆಯ ವಯಸ್ಸಿನಲ್ಲಿ ಆಶ್ಲಿ ಡೌನಿನಲ್ಲಿಯೇ ತೀರಿಕೊಂಡರು. ಅವರ ಜೀವಿತದಲ್ಲಿ ಆ ಮನೆಗಳಲ್ಲಿ ಬೆಳೆದ ಮಕ್ಕಳು ಹತ್ತು ಸಾವಿರಕ್ಕೂ ಹೆಚ್ಚು. ಅವರ ಕೈಯಿಂದ ಹಾದುಹೋದ ಹಣ ಹದಿನೈದು ಲಕ್ಷ ಪೌಂಡಿನಷ್ಟು. ಸತ್ತಾಗ ಅವರ ಸ್ವಂತದ್ದೆಂದು ಉಳಿದಿದ್ದುದು ಪೀಠೋಪಕರಣಗಳೂ ಸೇರಿ ಸುಮಾರು ನೂರರವತ್ತು ಪೌಂಡು. ಆ ದೊಡ್ಡ ಕಟ್ಟಡಗಳನ್ನು ಸಂಸ್ಥೆ ೧೯೫೮ರಲ್ಲಿ ಮಾರಿತು. ಅವು ಇಂದಿಗೂ ನಿಂತಿವೆ, ಆದರೆ ಅಲ್ಲಿ ಅನಾಥ ಮಕ್ಕಳಿಲ್ಲ.

ಎಲ್ಲರೂ ಮುಲ್ಲರರಂತೆ ಸಂಬಳ ಬಿಟ್ಟು ಕೂರಲಾಗದು; ಇತರರು ಹಾಗೆ ಮಾಡಬೇಕೆಂದು ಅವರೂ ಹಟ ಹಿಡಿಯಲಿಲ್ಲ. ಆದರೆ ಅವರ ಮನೆಯಲ್ಲಿ ನಾಳಿನ ಚಿಂತೆ ಇಂದಿನ ಊಟದ ರುಚಿಯನ್ನು ಕೆಡಿಸಲಿಲ್ಲ. ಇಂದು ಬಂದ ಒಂದು ಪೆನ್ನಿಯ ಲೆಕ್ಕ ನಾಳೆಗೆ ಉಳಿಯಲಿಲ್ಲ. ತಿಂಗಳ ಕೊನೆಯ ವಾರದಲ್ಲಿ ಡಬ್ಬಿಯ ತಳ ಕಂಡಾಗ, ಯಾವ ಮತದ ಮನೆಯಾದರೂ, ಈ ಎರಡು ಸಂಗತಿಗಳನ್ನು ನೆನೆದುಕೊಳ್ಳಬಹುದು.